ಮಗಳಿಗೊಂದು ಪತ್ರ: ದೋಣಿಗೆ ಕೈ ಹಾಕುವ ಮುನ್ನ

ಪ್ರೀತಿಯ ಮಗಳೇ,

ಹಾಯಿದೋಣಿ ಕಟ್ಟಿ ಅದರಿಂದಲೇ ದುಡಿಯುತ್ತೇನೆ ಅಂದಿದ್ದೀಯ. ಕಟ್ಟು. ಆದರೆ ಮಾರಿ ಲಾಭ ಮಾಡುವ ಲೆಕ್ಕ ಬಿಟ್ಟುಬಿಡು. ಮನೆಯಲ್ಲಿ ಕಟ್ಟಿದ ದೋಣಿಗೆ ಸಾಮಾನಿನ ಖರ್ಚು ವಾಪಸ್ ಬರುವುದೇ ಕಷ್ಟ, ನಿನ್ನ ಕೂಲಿ ಯಾರೂ ಕೊಡುವುದಿಲ್ಲ. ಒಡಲು ಎದ್ದು ನಿಂತರೆ ಅರ್ಧ ಮುಗಿಯಿತು ಅನ್ನಿಸುತ್ತೆ. ಖರ್ಚಿನಲ್ಲಿ ಅದು ಮೂರನೇ ಒಂದು ಪಾಲೂ ಇರಲಿಕ್ಕಿಲ್ಲ. ಕಂಬ, ಹಾಯಿ, ಎಂಜಿನ್, ಹಗ್ಗ ಎಳೆಯುವ ವಿಂಚು, ವೈರಿಂಗ್ ಉಳಿದದ್ದನ್ನೆಲ್ಲ ತಿನ್ನುತ್ತವೆ. ದುಡ್ಡು ಹುಟ್ಟುವುದು ಕಟ್ಟುತ್ತ ಕೈಗೆ ಹತ್ತಿದ ಕೆಲಸದಿಂದ: ಬೇರೆಯವರ ದೋಣಿಯ ಡೆಕ್ (ಮೇಲ್ಹಾಸು) ರಿಪೇರಿ, ಹಾಯಿ ಹೊಲಿಗೆ, ಸಣ್ಣ ದೋಣಿಗಳ ಆರ್ಡರ್.

ಅದಕ್ಕೇ ಮೊದಲು ಎಂಟಡಿಯದೊಂದು ಮಾಡು. 6 ಮಿ.ಮೀ. ಮರೀನ್ ಪ್ಲೈವುಡ್ (ನೀರು ತಾಳುವ ಪ್ಲೈವುಡ್) ಎರಡು ಮೂರು ಹಾಳೆ ಸಾಕು. ಕೊಳ್ಳುವ ಮುನ್ನ ಒಂದು ಚೂರನ್ನು ಗಂಟೆಗಟ್ಟಲೆ ಕುದಿಸು. ಪದರ ಬಿಟ್ಟರೆ ಮೇಲಿನ ಮುದ್ರೆ ನಂಬಬೇಡ. ಕತ್ತರಿಸಿದ ಹಾಳೆಗಳ ಅಂಚಿನಲ್ಲಿ 15 ಸೆಂ.ಮೀ.ಗೊಂದು ತೂತು ಕೊರೆದು ತಾಮ್ರದ ತಂತಿಯಲ್ಲಿ ಹೊಲಿ. ಒಳಸಂದಿಗೆ ಸಿಲಿಕಾ ಪುಡಿ ಕಲಸಿದ ಎಪಾಕ್ಸಿ (ರಾಳಕ್ಕೆ ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟು), ಅದರ ಮೇಲೆ ಗ್ಲಾಸ್ ಟೇಪ್, ಅಂದರೆ ಗಾಜಿನ ನಾರಿನ ಪಟ್ಟಿ.

ಎಪಾಕ್ಸಿ ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಸುರಿಯಬೇಡ, ಮೆತ್ತಗೇ ಉಳಿದುಬಿಡುತ್ತೆ. ಡಬ್ಬಿಯ ಮೇಲಿನ ಅಳತೆ ಗಾತ್ರದ್ದೋ ತೂಕದ್ದೋ ನೋಡು, ಎರಡೂ ಒಂದೇ ಅಲ್ಲ. ಕಲಸಿದ್ದನ್ನು ಆಳದ ಡಬ್ಬಿಯಲ್ಲಿ ಬಿಟ್ಟರೆ ಕಾದು ಹೊಗೆ ಬರುತ್ತೆ. ಅಗಲದ ಟ್ರೇಗೆ ಸುರಿ. ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಮೂಡಿದ್ದರೆ ಮೊದಲು ನೀರಲ್ಲಿ ಉಜ್ಜಿ ತೊಳೆ, ಆಮೇಲೆ ಮರಳುಕಾಗದ. ತೊಳೆಯದೆ ಉಜ್ಜಿದರೆ ಜಿಡ್ಡು ಹರಡಿ ಬಣ್ಣ ಸುಲಿಯುತ್ತೆ.

ದೊಡ್ಡ ದೋಣಿಗಳು ಒಳಗಿಂದ ಕೊಳೆಯುವುದು ಹೆಚ್ಚಾಗಿ ಡೆಕ್ಕಿನ ಬೋಲ್ಟ್ ತೂತುಗಳಿಂದ. 8 ಮಿ.ಮೀ. ಬೋಲ್ಟಿಗೆ 14ರ ತೂತು ಕೊರೆ, ಕೆಳಗೆ ಟೇಪ್ ಅಂಟಿಸಿ ಮಂದ ಎಪಾಕ್ಸಿ ತುಂಬು, ಗಟ್ಟಿಯಾದ ಮೇಲೆ ನಡುವೆ 8ರದ್ದು ಕೊರೆ. ಈಗ ಬೋಲ್ಟಿನ ಸುತ್ತ ಸಂದಿ ಮುಚ್ಚುವ ಸೀಲಂಟ್ ಸೋತರೂ ನೀರು ಮರ ಮುಟ್ಟುವುದಿಲ್ಲ. ಈ ಒಂದು ಕೆಲಸ ಬಂದರೇ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ.

ದೋಣಿ ಮಗುಚದಂತೆ ತಳದಲ್ಲಿರುವ ಕೀಲಿನ ಸೀಸ ನೀನೇ ಎರಕ ಹೊಯ್ಯಬೇಡ. 327 ಡಿಗ್ರಿಗೆ ಕರಗುವ ಲೋಹ ತುಸು ಒದ್ದೆಯಿದ್ದ ಅಚ್ಚಿಗೆ ಬಿದ್ದರೂ ಅಲ್ಲಿನ ನೀರು ಆವಿಯಾಗಿ ಲೋಹ ಸಿಡಿಯುತ್ತೆ.

ಬಾಡಿಗೆಗೆ ಜನರನ್ನು ಕೂರಿಸುವ ಯೋಚನೆಯಿದ್ದರೆ ನಕ್ಷೆ ಕೊಳ್ಳುವ ಮೊದಲೇ ದೋಣಿ ತಪಾಸಣೆ ಮಾಡುವ ಸರ್ವೇಯರ್ ಹತ್ತಿರ ಮಾತಾಡು. ಮುಚ್ಚಿಹೋಗುವ ಪ್ರತಿ ಸಂದಿಯ ಫೋಟೊ ತೆಗೆ, ಸಾಮಾನಿನ ಬಿಲ್‌ಗಳನ್ನು ಎತ್ತಿಡು. ಮುಚ್ಚಿದ ಮೇಲೆ ಅವನಿಗೆ ಕಾಣುವುದು ಬಣ್ಣ ಮಾತ್ರ.

ಚೂರು ಕುದಿಸಿದ್ದು ಏನಾಯಿತು ಬರೆ.

ನಿನ್ನ ಅಮ್ಮ