ಮಾಗಡಿ ಕೆರಿ ದಂಡಿಮ್ಯಾಲಿಂದ

ದೋಸ್ತ,

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗತೈತಿ ಅಂತಾರಲ್ಲ, ಈ ಸಲ ಅದು ಹೋಗೂ ಮುಂದ ನನ್ನ ಕಿವಿ ಹಿಂಡೇ ಹೋತು. ಹೋದ ರವಿವಾರ ನಸುಕಿನ್ಯಾಗ ಎದ್ದು ಗದಗದಿಂದ ಗಾಡಿ ಹೊಡಕೊಂಡು ಮಾಗಡಿ ಕೆರಿಗೆ ಹೋಗಿದ್ದೆ. 26 ಕಿಲೋಮೀಟರ್. ಸ್ವೆಟರ್ ಮ್ಯಾಲ ಜಾಕೀಟು, ತಲಿಗೆ ಅಪ್ಪನ ಮಂಕಿ ಟೊಪ್ಪಗಿ. ಆದ್ರೂ ಹ್ಯಾಂಡಲ್ ಹಿಡಿದ ಬಟ್ಟು ನನ್ನವು ಹೌದೋ ಅಲ್ಲೋ ಅನ್ನಂಗ ಆಗಿದ್ದವು. ನೀ ಬಿಟ್ಟುಹೋದ ದುರ್ಬೀನು ಕೊರಳಾಗಿತ್ತು. ಅದರ ಎಡಗಣ್ಣಿನ ಭಿಂಗಕ್ಕ ಬೂಸ್ಟು ಹಿಡದೈತಿ, ಬೈಯಬ್ಯಾಡ.

ನೀ ಹುಲಿಗೆರಿ ಅಂತ ಹೆಸರಿದ್ದ ಊರಾಗ ಹುಟ್ಟಿದಾಂವ. ಹುಲಿ ಅಂತೂ ಹೋಗಲಿ, ನಿಮ್ಮ ಲಕ್ಷ್ಮೇಶ್ವರದಿಂದ 11 ಕಿಲೋಮೀಟರ್ ದೂರ ಇರೋ ಈ ಕೆರಿ ಹಕ್ಕಿನೂ ನೀ ನೋಡಲಿಲ್ಲ, ನಾನೂ ನೋಡಲಿಲ್ಲ. ಕಾಲೇಜಿನ್ಯಾಗ ಮೂರು ವರ್ಷ "ಮುಂದಿನ ರವಿವಾರ ಹೋಗೂಣು" ಅಂತನ ಕಳದ್ವಿ.

ಮುಟ್ಟಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನೀರಿನ ಮ್ಯಾಲ ತೆಳ್ಳಗ ಮಂಜು. ಏರಿಮ್ಯಾಲ ನಿಂತು ಒಂದು ಕಣ್ಣಿನ ದುರ್ಬೀನಿನ್ಯಾಗ ಹುಡುಕ್ತೀನಿ ಹುಡುಕ್ತೀನಿ, ಯಾವುದಕ್ಕ ಬಂದಿದ್ನೋ ಅದು ಒಂದೂ ಇಲ್ಲ! ಹಣಿಮ್ಯಾಲ ಬಿಳಿ ನಾಮ ಎಳಕೊಂಡ ನಾಮದ ಕೋಳಿ ರಾಶಿ ರಾಶಿ. ಸಲಿಕಿ ಕೊಕ್ಕಿನ ಬಾತು ನೀರಾಗ ಮೂತಿ ಇಟ್ಟು ಗುಂಡಗ ತಿರುಗತಿದ್ದವು. ದಂಡಿ ರಾಡಿಯಾಗ ಮೆಟ್ಟುಗಾಲು ಹಕ್ಕಿ, ಕೆಂಪು ಕಡ್ಡಿಯಂಥ ಕಾಲು ಎತ್ತಿ ಎತ್ತಿ ಇಡತಿದ್ದವು, ಬಾಡಿಗಿ ಚಪ್ಪಲ್ ಹಾಕ್ಕೊಂಡೋರಂಗ. ಚಂದ ಇದ್ದವು, ಖರೆ. ಆದ್ರ ನನಗ ಬೇಕಾದದ್ದು ಪಟ್ಟೆತಲೆ ಹೆಬ್ಬಾತು. ಫೆಬ್ರುವರಿ ಮುಗೀಲಿಕ್ಕತ್ತಿತ್ತಲ್ಲ, ಊರಿಗೆ ಹೊಂಟುಹೋದವು, ಈ ಸಲನೂ ತಪ್ಪಿತು ಅನಕೊಂಡೆ.

ಅಷ್ಟರಾಗ ಕಂಬಳಿ ಹೊತ್ತ ಕಾಕಾ ಒಬ್ರು ಏರಿಮ್ಯಾಲ ಬಂದ್ರು. ಪಕ್ಕದಾಗ ಅವರ ಹೊಲ.

"ಹಕ್ಕಿ ಹೋದ್ವೇನ್ರೀ ಕಾಕಾ?"

"ಎಲ್ಲೀದು ತಮ್ಮಾ. ರಾತ್ರಿಪಾಳಿಗೆ ಹೋಗ್ಯಾವು. ಬರ್ತಾವು, ನಿಂದ್ರು."

ನಾನು ನಕ್ಕೆ. ಅವರು ನಗಲಿಲ್ಲ. ಬೀಡಿ ಹಚ್ಚಿ ಬಿಡಿಸಿ ಹೇಳಿದ್ರು: ರಾತ್ರಿ ಹೊಲಕ್ಕ ಇಳೀತಾವು, ಕಡ್ಲಿ ಚಿಗುರು, ಗೋಧಿ ಗರಿ, ಕಿತ್ತ ಮ್ಯಾಲ ಮಣ್ಣಾಗ ಉಳಿದ ಶೇಂಗಾ, ಏನು ಸಿಕ್ರ ಅದು. ಬೆಳಕಾದ ಮ್ಯಾಲ ಕೆರಿಗೆ ಬಂದು ನೀರು ಕುಡಿದು ಮಲಗತಾವು.

ಹೊತ್ತು ಒಂದು ಮಾರು ಏರಿತ್ತು ನೋಡು, ಮೂಡಣದಿಂದ ಸಪ್ಪಳ ಶುರುವಾತು. ಕಂಪನಿ ನಾಟಕದ ನಾಲ್ಕೈದು ಪೇಟಿ ಮಾಸ್ತರು ಕೂಡೇ ಸುರ ಹಚ್ಚಿದಂಗ. ಮೊದಲ ಒಂದು ಗೆರಿ, ಆಮ್ಯಾಲ ಅದರ ಹಿಂದ ಇನ್ನೊಂದು, ಆಮ್ಯಾಲ ನಾ ಎಣಿಸೂದು ಬಿಟ್ಟೆ. ನೆತ್ತಿಮ್ಯಾಲ ಬಂದಾಗ ರೆಕ್ಕಿ ಗಾಳಿ ಕೇಳಿಸ್ತು ಮಾರಾಯ. ನೀರಿಗೆ ಇಳಿಯೂ ಮುಂದ ಕಾಲು ಮುಂದ ಚಾಚಿ, ಬ್ರೇಕು ಹತ್ತದ ಸೈಕಲ್ ಹುಡುಗರಂಗ ಜರ್‍ರನ ಜಾರಿ ನಿಂದ್ರತಾವು. ಬಿಳಿ ತಲಿಗೆ ಹಿಂದ ಎರಡು ಕರಿ ಗೀರು. ವಿಭೂತಿ ಇದ್ದಂಗನ, ಆದ್ರ ಕರೇದು, ಮೂರಲ್ಲ ಎರಡು, ಹಣಿಗಲ್ಲ ಹಿತ್ತಲಿಗೆ.

ಇವು ಮಂಗೋಲಿಯಾ, ಟಿಬೆಟ್ ಕಡೆಯವು. ಮಂಗೋಲಿಯಾದಾಗ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿ ಮೈಸೂರು ಕಡೆ ಹದಿನಾರು ಕೆರಿಯಾಗ ಕಂಡಾವು. ಹಿಮಾಲಯ ದಾಟಿ ಬರ್ತಾವು. ಯಂತ್ರ ಕಟ್ಟಿ ನೋಡಿದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಾಗ ಹಾರಿದ್ದು ಸಿಕ್ಕೈತಿ. ಅಷ್ಟು ಎತ್ತರದಾಗ ಗಾಳಿನ ತೆಳುವು, ಆದ್ರ ಇವುಗಳ ರಕ್ತ ಇದ್ದಷ್ಟ ಆಮ್ಲಜನಕ ಬ್ಯಾರೆ ಬಾತಿಗಿಂತ ಗಟ್ಟಿ ಹಿಡಕೋತೈತಿ. ಯಾವಾಗಲೂ ಮ್ಯಾಲನ ಹಾರತಾವು ಅನ್ನೂದು ಮಾತ್ರ ಸುಳ್ಳು. ಗುಡ್ಡ ಬಂದ್ರ ಏರತಾವು, ಕೊಳ್ಳ ಬಂದ್ರ ಇಳೀತಾವು, ನೆಲಾ ಬಿಡಂಗಿಲ್ಲ. ನನಗ ಕಪ್ಪತಗುಡ್ಡ ಹತ್ತಿದ್ರನ ಎದಿ ಉಬ್ಬಸ ಬಡೀತೈತಿ.

ಈ ಕೆರಿ 2024ರ ಜನವರಿ ಕಡೀಗೆ ರಾಮ್ಸರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗುಗಳ ಪಟ್ಟಿಗೆ ಸೇರೈತಿ, ಅಂಕಸಮುದ್ರ, ಅಘನಾಶಿನಿ ಜೋಡಿ. ನಮ್ಮ ರಾಜ್ಯದಾಗ ಅದಕ್ಕೂ ಮೊದಲ ರಂಗನತಿಟ್ಟು ಒಂದ ಇತ್ತು. ಖುಷಿ ವಿಷಯನ. ಆದ್ರ ಮೀಸಲು ಅಂತ ಬರಕೊಂಡಿದ್ದು ಸುಮಾರು 54 ಹೆಕ್ಟೇರ್, ಅಂದ್ರ 134 ಎಕರೆ. ಅದೂ ಹೊಲಕ್ಕ ನೀರು ಬೇಕಂತ ಮಳಿ ನೀರು ನಿಲ್ಲಿಸಿ ಮಂದಿ ಕಟ್ಟಿದ ಕೆರಿ. ಅಲ್ಲಿ ಹಾಸಿಗಿ ಐತಿ, ಊಟ ಇಲ್ಲ. ಉಣ್ಣೂದೆಲ್ಲ ಆ ಕಾಕಾನಂಥೋರ ಎರಿ ಹೊಲದಾಗ. ಆ ಹೊಲ ಯಾವ ನಕಾಶದಾಗೂ ಮೀಸಲು ಅಲ್ಲ. ನಾಳೆ ಅವರು ಕಡ್ಲಿ ಬಿಟ್ಟು ಬ್ಯಾರೆ ಏನರ ಹಾಕಿದ್ರ, ಇಲ್ಲಾ ರಾತ್ರಿ ಡಬ್ಬಿ ಬಡಿದು ಓಡಿಸಿದ್ರ?

ಕೇಳೇಬಿಟ್ಟೆ: "ಲುಕ್ಸಾನ ಆಗಂಗಿಲ್ಲೇನ್ರಿ?"

"ಆಗತೈತಿ. ಹಿಕ್ಕಿ ಹಾಕಿ ಹೋಗತಾವು, ಗೊಬ್ಬರ ಅಂತೀವಿ. ಲೆಕ್ಕಾ ಹಚ್ಚಿದ್ರ ನಮ್ಮದ ಮೈನಸ್." ಸ್ವಲ್ಪ ತಡದು, "ಆದ್ರ ಒಂದು ವರ್ಷ ಕೆರಿಗೆ ನೀರು ಬರಲಿಲ್ಲ, ಇವೂ ಬರಲಿಲ್ಲ. ಬ್ಯಾಸರಾಗಿತ್ತು ತಮ್ಮಾ," ಅಂದ್ರು. ಆಮ್ಯಾಲ ಬೀಡಿ ಆರಿಸಿ ಹೊಲಕ್ಕ ಇಳದ್ರು.

ನಾನು ಇನ್ನೊಂದು ತಾಸು ಕೆರಿ ಸುತ್ತಿದೆ. ದಂಡಿ ಎರಿ ಮಣ್ಣು ಬೂಟಿಗೆ ಹತ್ತಿ ಒಂದೊಂದು ಕಾಲು ಒಂದೊಂದು ಕಿಲೋ ಆಗಿತ್ತು. ಏರಿಮ್ಯಾಲ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಹೆಬ್ಬಾತು ಒಂಟಿಗಾಲ ಮ್ಯಾಲ ನಿಂತು, ಕೊಕ್ಕು ರೆಕ್ಕ್ಯಾಗ ಹೊಕ್ಕಿಸಿ ಮಲಗಿಬಿಟ್ಟಿದ್ದವು. ಅಂಚಿನ್ಯಾಗ ಒಂದೆರಡು ಮಾತ್ರ ಕತ್ತು ಎತ್ತಿ ಕಾವಲಿ. ಬಿಸಿಲು ಬಿದ್ದ ಮ್ಯಾಲ ಜಾಕೀಟು ತಗದೆ, ಟೊಪ್ಪಗಿ ತಗದೆ.

ಇನ್ನ ಹದಿನೈದು ದಿನಕ್ಕ ಕೆರಿ ಖಾಲಿ ಆಗತೈತಿ. ಮತ್ತ ಬರೂದು ನವೆಂಬರಿಗೆ. ದುರ್ಬೀನು ಅಂಚೆಗೆ ಹಾಕಂಗಿಲ್ಲ, ಬಂದು ಇಸಕೊಂಡು ಹೋಗು. ಭಿಂಗ ಒರೆಸಿ ಇಟ್ಟಿರತೀನಿ.

ನಿನ್ನ,
ಗದಗಿನ ಗೆಳೆಯ