ಟೇಬಲ್ ಇಲ್ಲದ ಕಂಫರ್ಟೇಬಲ್

ಚಿರಂಜೀವಿ ಮಗಳಿಗೆ,

ಗದಗದಿಂದ ನಿನ್ನ ಕಾಕಾನ ಆಶೀರ್ವಾದ.

ಸೆಮಿನಾರಿನಲ್ಲಿ ನೀನು ‘ಕಂಫರ್ಟೇಬಲ್’ ಅಂದದ್ದಕ್ಕೆ ಹಿಂದಿನ ಬೆಂಚಿನವರು ನಕ್ಕರಂತೆ. ಅವತ್ತಿನಿಂದ ನೀನು ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದರು. ಆ ಶಬ್ದದೊಳಗೆ ಟೇಬಲ್ ಇಲ್ಲ, ಖರೆ. ‘ಕಂಫ್ಟಬಲ್’ ಅಂತ ಚುಟುಕಾಗಿ ಮುಗಿಸುತ್ತಾರೆ. ಆದರೆ ಅಲ್ಲಿ ಟೇಬಲ್ ಬರೆದಿಟ್ಟವಳು ನೀನಲ್ಲವಲ್ಲ!

ನಾನೂ ಬ್ಯಾಂಕಿನ ಇಂಟರ್‌ವ್ಯೂನಲ್ಲಿ ಸಾಲಕ್ಕೆ ‘ಡೆಬ್ಟ್’ ಅಂದವನೇ. ಎದುರಿಗಿದ್ದವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅದು ‘ಡೆಟ್’ ಅಂತ ಗೊತ್ತಾದದ್ದು ಆಮೇಲೆ. ಆ ‘ಬಿ’ ಮೊದಲು ಇರಲೇ ಇಲ್ಲ. ಲ್ಯಾಟಿನ್ನಿನ ‘ಡೆಬಿಟುಮ್’ ನೆನಪಿಗೆ ಪಂಡಿತರು ತಂದು ಕೂರಿಸಿದ್ದು. ಬರೆದ ಹಾಗೆ ಓದಿ ಬೆಳೆದ ನಮಗೆ ಇದೆಲ್ಲ ಹೇಗೆ ಹೊಳೆಯಬೇಕು? ಇಂಗ್ಲಿಷಿನಲ್ಲಿ 26 ಅಕ್ಷರಕ್ಕೆ ಸುಮಾರು 44 ಧ್ವನಿ. ಸ್ಪೆಲಿಂಗನ್ನು ನಂಬಬೇಡ, ಕಿವಿಯನ್ನು ನಂಬು.

ನಮ್ಮ ತೊಂದರೆ ಜಾಸ್ತಿ ಇರೋದು ಒತ್ತಿನಲ್ಲಿ. ನಾವು ಎಲ್ಲ ಅಕ್ಷರಕ್ಕೂ ಸಮ ತೂಕ ಕೊಡುತ್ತೇವೆ. ಅವರು ಒಂದನ್ನು ಒತ್ತಿ ಉಳಿದದ್ದನ್ನು ನುಂಗುತ್ತಾರೆ. ‘ಫೋಟೊಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ಅದೇ ‘ಫಟಾಗ್ರಫಿ’ ಆದಾಗ ‘ಟಾ’ ಮೇಲೆ ಬೀಳುತ್ತದೆ, ‘ಫೋ’ ಸೊರಗಿ ‘ಫ’ ಆಗುತ್ತದೆ. ಡಿಕ್ಷನರಿಯಲ್ಲಿ ಒತ್ತು ಬೀಳುವ ಕಡೆ ಮೇಲ್ಗಡೆ ಒಂದು ಸಣ್ಣ ಗೀಟು ಇರುತ್ತದೆ, ಅದನ್ನು ನೋಡು.

ಇನ್ನೊಂದು. ಗಂಟಲ ಮೇಲೆ ಬೆರಳಿಟ್ಟು ‘ಸ್ಸ್ಸ್’ ಅನ್ನು. ನಾಲಿಗೆ ಅಲ್ಲೇ ಇರಲಿ, ದನಿ ಕೂಡಿಸು. ಗಂಟಲು ಜೇನುನೊಣದ ಹಾಗೆ ಗುಂಯ್ಗುಟ್ಟಿತಾ? ಅದೇ ‘ಝೂ’, ‘ಝೀರೋ’ದ ಮೊದಲ ಧ್ವನಿ. ನಮ್ಮ ‘ಜ’ ಬೇರೆ. ಕುಡಿಯುವ ‘ವೈನ್’ (wine) ಆದರೆ ತುಟಿ ದುಂಡಗೆ, ಬಳ್ಳಿಯ ‘ವೈನ್’ (vine) ಆದರೆ ಮೇಲಿನ ಹಲ್ಲು ಕೆಳತುಟಿಗೆ. ಕನ್ನಡಿ ಮುಂದೆ ಮಾಡು. ಹಾಸ್ಟೆಲಿನ ಹುಡುಗಿಯರು ನಕ್ಕರೆ ಅವರನ್ನೂ ಕರೆದು ಕೂರಿಸಿಕೋ.

ಇಂಗ್ಲೆಂಡಿನವರ ರಾಗ ಎಳೆಯೋ ಗೋಜಿಗೆ ಮಾತ್ರ ಹೋಗಬೇಡ. ಸವಣೂರಿನಲ್ಲಿ ಹುಟ್ಟಿದ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಓದಿ ಬಂದು ಇಂಗ್ಲಿಷ್ ಕಲಿಸಿದರು, ಆದರೂ ಕನ್ನಡದಲ್ಲಿ ಕವಿತೆ ಬರೆಯೋದನ್ನು ಬಿಡಲಿಲ್ಲ ಅಲ್ವಾ.

ಮುಂದಿನ ಸೆಮಿನಾರು ಸೋಮವಾರ ತಾನೇ? ಹಾಳೆಯಲ್ಲಿ ಒತ್ತು ಬೀಳುವ ಕಡೆ ಪೆನ್ಸಿಲಿನಿಂದ ಗೀಟು ಹಾಕು. ಭಾನುವಾರ ರಾತ್ರಿ ಫೋನ್ ಮಾಡಿ ಪೂರ್ತಿ ಓದಿ ಕೇಳಿಸು. ನಿನ್ನ ಕಾಕೂನೂ ಪಕ್ಕದಲ್ಲಿ ಕೂತಿರುತ್ತಾಳೆ. ಅವಳು ಇವತ್ತಿಗೂ ‘ಇಸ್ಟೇಷನ್’ ಅನ್ನುವವಳು. ಹುಬ್ಬಳ್ಳಿ ಗಾಡಿ ಒಮ್ಮೆಯೂ ತಪ್ಪಿಸಿಕೊಂಡಿಲ್ಲ.

ನಿನ್ನ ಕಾಕಾ