ವಾರಂಟಿ ಕಾರ್ಡಿನಲ್ಲಿ ಸ್ಮಾರ್ಟ್‌ಫೋನ್ ಇರಬೇಕು ಅಂತ ಎಲ್ಲಿ ಬರೆದಿದ್ದೀರಿ?

ದಾವಣಗೆರೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಕಾರ್ ಸ್ಪೀಕರಿಗೆ ವಾರಂಟಿ ಕೊಡದೆ ಇರುವುದು ಮತ್ತು ಸರ್ವಿಸ್ ಸೆಂಟರಿನಲ್ಲಿ ಆದ ಅವಮಾನ

ಮಾನ್ಯರೇ,

ನಿಮ್ಮ ಟೋಲ್ ಫ್ರೀ ನಂಬರಿಗೆ ಐದು ಸಲ ಫೋನ್ ಮಾಡಿದ್ದೇನೆ. ಐದೂ ಸಲ "ಎರಡು ದಿನದಲ್ಲಿ ಕಾಲ್ ಬರುತ್ತೆ ಸರ್" ಅಂದರು. ಒಂದೂ ಬರಲಿಲ್ಲ. ಅದಕ್ಕೇ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ನಾನು ಹಳೇ ಇಂಡಿಕಾ ಬಾಡಿಗೆಗೆ ಓಡಿಸುವವನು. ಪಿ.ಬಿ. ರಸ್ತೆಯ ಅಂಗಡಿಯಲ್ಲಿ ನಿಮ್ಮ ಸ್ಪೀಕರ್ ಜೋಡಿಯನ್ನು 1,650 ರೂಪಾಯಿ ಕೊಟ್ಟು ತಗೊಂಡೆ. ಬಿಲ್ ಇದೆ. ಒಂದು ವರ್ಷದ ವಾರಂಟಿ ಕಾರ್ಡಿಗೆ ಅಂಗಡಿಯ ಸೀಲೂ ಇದೆ. ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಎಡಬಾಗಿಲಿನದು ಗರಗರ ಅನ್ನತೊಡಗಿತು. ಚಿತ್ರದುರ್ಗ ಆಕಾಶವಾಣಿಯ 102.6 ಹಾಕಿದರೆ ವಾರ್ತೆ ಓದುವವರ ದನಿ ತಗಡಿನ ಮೇಲೆ ಮರಳು ಸುರಿದ ಹಾಗೆ ಕೇಳುತ್ತದೆ. ಬೆಳಗಿನ ಜಾವ ಹೊರಡುವ ನನಗೆ ಆ ರೇಡಿಯೋನೇ ಜೊತೆ.

ಸ್ಪೀಕರ್ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಇಲ್ಲಿನ ನಿಮ್ಮ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ನನ್ನ ಮಗನ ವಯಸ್ಸಿನವನು.

"ಲಿಂಕ್ ಬರುತ್ತೆ ಅಂಕಲ್. ಅದರಲ್ಲಿ ವಿಡಿಯೋ ಅಪ್‌ಲೋಡ್ ಮಾಡಿ" ಅಂದ.

ನನ್ನದು ಕೀಪ್ಯಾಡ್ ಫೋನು. ಮೆಸೇಜ್ ಬಂತು, ಲಿಂಕ್ ತೆರೆಯಲಿಲ್ಲ.

"ಸ್ಪೀಕರ್ ಇಲ್ಲೇ ಇದೆಯಲ್ಲಪ್ಪ, ವಿಡಿಯೋ ಯಾಕೆ? ನೀನೇ ನೋಡು" ಅಂದೆ.

"ಸಿಸ್ಟಮ್ ತಗೊಳ್ಳಲ್ಲ. ಸ್ಮಾರ್ಟ್‌ಫೋನ್ ಇಲ್ವಾ?"

"ಇಲ್ಲ."

"ಮನೇಲಿ ಯಾರ ಹತ್ರಾನೂ ಇಲ್ವಾ?"

"ಮಗಳ ಹತ್ರ ಇದೆ. ಕಾಲೇಜಿಗೆ ಹೋಗಿದ್ದಾಳೆ."

"ಹಾಗಾದ್ರೆ ಮಗಳನ್ನ ಕರ್ಕೊಂಡು ಬನ್ನಿ."

ಅಷ್ಟಕ್ಕೇ ಬಿಡಲಿಲ್ಲ. ನನ್ನ ಕೈಯಲ್ಲಿದ್ದ ಫೋನ್ ತಗೊಂಡ. ಹಿಂದಿನ ಮುಚ್ಚಳ ಸಡಿಲ ಆಗಿದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದೆ. ಆ ರಬ್ಬರ್ ಬ್ಯಾಂಡನ್ನು ಬೆರಳಿನಿಂದ ಎಳೆದು ಬಿಟ್ಟು, ಪಕ್ಕದವನಿಗೆ ಎತ್ತಿ ತೋರಿಸಿ, "ನೋಡೋ, ಇದರಲ್ಲಿ ವಾರಂಟಿ ಕ್ಲೇಮ್ ಅಂತೆ" ಅಂದ. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಇಬ್ಬರು ನಕ್ಕರು. ಮಿಕ್ಸಿ ರಿಪೇರಿಗೆ ತಂದಿದ್ದ ಹೆಂಗಸೊಬ್ಬರು ತಲೆ ತಗ್ಗಿಸಿದರು. ಹುಡುಗ ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದ. ಅಂಚಿಗೆ ಬಂದು ಬೀಳುವ ಹೊತ್ತಿಗೆ ಹಿಡಿದುಕೊಂಡೆ.

ಆ ಫೋನು ಒಂದು ಸಲ ಚಾರ್ಜ್ ಮಾಡಿದರೆ ನಾಲ್ಕು ದಿನ ಬರುತ್ತದೆ. ಬಾಡಿಗೆ ಕರೆಯುವವರೆಲ್ಲ ಅದಕ್ಕೇ ಫೋನ್ ಮಾಡುತ್ತಾರೆ. ನನ್ನ ಹೊಟ್ಟೆಪಾಡು ಅದರಲ್ಲೇ ನಡೆಯುತ್ತಿದೆ. ಅದನ್ನು ನಾಲ್ಕು ಜನರ ಎದುರು ಎತ್ತಿ ಆಡಿಸಲು ನಿಮ್ಮವರಿಗೆ ಏನು ಅಧಿಕಾರ?

ನಾನು ಕದಲದೆ ನಿಂತಿದ್ದಕ್ಕೆ ಒಂದು ಚೀಟಿ ಕೊಟ್ಟರು. ಅದರಲ್ಲಿ "ಕಾಯಿಲ್ ಸುಟ್ಟಿದೆ. ಗ್ರಾಹಕರ ತಪ್ಪು ಬಳಕೆ. ವಾರಂಟಿ ಇಲ್ಲ" ಅಂತ ಇದೆ. ಸ್ಪೀಕರ್ ಇನ್ನೂ ನನ್ನ ಚೀಲದಲ್ಲೇ ಇತ್ತು! ಹೊರಗೆ ತೆಗೆದೇ ಇರಲಿಲ್ಲ.

ಅಲ್ಲಿಂದ ನೇರವಾಗಿ ನನ್ನ ಕಾರಿನ ವೈರಿಂಗ್ ಮಾಡುವವರ ಹತ್ತಿರ ಹೋದೆ. ಅವರು ಮಲ್ಟಿಮೀಟರ್ ಇಟ್ಟರು. 4 ಓಮ್ ಸ್ಪೀಕರು 3.5 ತೋರಿಸಿತು. ಅದು ಸರಿಯಾದ ಲೆಕ್ಕವೇ, ಮೀಟರಿನಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ. ಕಾಯಿಲ್, ಅಂದರೆ ಸ್ಪೀಕರಿನ ಒಳಗಿನ ತಂತಿಯ ಸುರುಳಿ, ಸುಟ್ಟು ಕಡಿದಿದ್ದರೆ ಏನೂ ತೋರಿಸುತ್ತಿರಲಿಲ್ಲ. ಸುಟ್ಟ ವಾಸನೆಯೂ ಇಲ್ಲ. ಎಡದ್ದನ್ನು ಬಲದ ವೈರಿಗೆ ಕೊಟ್ಟು ನೋಡಿದರು, ಗರಗರ ಅದರ ಜೊತೆಗೇ ಹೋಯಿತು. ಅಂದರೆ ಸ್ಟೀರಿಯೋದ ತಪ್ಪಲ್ಲ. ಸ್ಪೀಕರಿನ ಮುಂದಿನ, ದನಿ ಬರುವ ಕೋನನ್ನು ಎರಡು ಬೆರಳಿನಲ್ಲಿ ಮೆತ್ತಗೆ ಒತ್ತಿದರೆ ಒಳಗೆ ಕಾಯಿಲ್ ಒಂದು ಕಡೆ ಉಜ್ಜುವುದು ಕೈಗೇ ಗೊತ್ತಾಗುತ್ತದೆ. ನನ್ನ ಕಾರಿನಲ್ಲಿ ಆಂಪ್ಲಿಫೈಯರೂ ಇಲ್ಲ. ನಿಮ್ಮ ಡಬ್ಬದ ಮೇಲೆ 250 ವ್ಯಾಟ್ ಅಂತ ದಪ್ಪಕ್ಕೆ, ಆರ್‌ಎಂಎಸ್ 35, ಅಂದರೆ ಬಿಡದೆ ಹಾಡಿದರೂ ತಡೆಯುವ ವ್ಯಾಟ್, ಅಂತ ಸಣ್ಣಕ್ಕೆ ಬರೆದಿದ್ದೀರಿ. ನನ್ನ ಸ್ಟೀರಿಯೋ ಆ ಸಣ್ಣ ಲೆಕ್ಕದ ಅರ್ಧವನ್ನೂ ಕೊಡುವುದಿಲ್ಲ. ಹಾಗಿದ್ದ ಮೇಲೆ ತಪ್ಪು ಬಳಕೆ ಎಲ್ಲಿಂದ ಬಂತು?

ವಾರಂಟಿ ಕಾರ್ಡನ್ನು ಮೂರು ಸಲ ಓದಿದ್ದೇನೆ. ಬಿಲ್ ತರಬೇಕು, ವಸ್ತು ತರಬೇಕು ಅಂತ ಇದೆ. ಎರಡೂ ತಂದಿದ್ದೆ. ಸ್ಮಾರ್ಟ್‌ಫೋನ್ ತರಬೇಕು ಅಂತ ಎಲ್ಲೂ ಇಲ್ಲ. ನಿಮ್ಮ ನಿಯಮ ನಿಮಗೆ ಗೊತ್ತಿರಬೇಕು ಅಲ್ವಾ?

ಬಾಡಿಗೆ ಗಾಡಿ, ವ್ಯಾಪಾರಕ್ಕೆ ತಗೊಂಡದ್ದು ಅಂತ ಜಾರಿಕೊಳ್ಳಬೇಡಿ. ಹೊಟ್ಟೆಪಾಡಿಗೆ ಸ್ವಂತ ದುಡಿಯುವವನೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕನೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲು ಕೀಪ್ಯಾಡ್ ಫೋನ್ ಸಾಕು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ಬಿಲ್, ಕಾರ್ಡ್, ಆ ಸುಳ್ಳು ಚೀಟಿ, ಮೂರರದ್ದೂ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ.

ಹೋದ ವಾರ ಕೇಳಿದ್ದರೆ ಸ್ಪೀಕರ್ ಬದಲಿಸಿ ಕೊಡಿ, ಸಾಕು ಅನ್ನುತ್ತಿದ್ದೆ. ಈಗ ಅಷ್ಟಕ್ಕೇ ಸುಮ್ನೆ ಆಗುವುದಿಲ್ಲ. ನೋಡದೆ ಬರೆದ ಚೀಟಿ ತಪ್ಪು ಅಂತ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಬೇಕು. ಆ ಕೌಂಟರಿನಲ್ಲಿ ಆದದ್ದಕ್ಕೆ ಕ್ಷಮೆ ಕೇಳಬೇಕು. ಹದಿನೈದು ದಿನ ಕಾಯುತ್ತೇನೆ. ಹದಿನಾರನೇ ದಿನ ಬೆಳಿಗ್ಗೆ ಆಯೋಗದ ಕಚೇರಿಯಲ್ಲಿ ಇರುತ್ತೇನೆ. ಆಮೇಲೆ ನೀವು ಹೊಸ ಜೋಡಿ ಮನೆಗೇ ತಂದರೂ ದೂರು ವಾಪಸ್ ತಗೊಳ್ಳುವುದಿಲ್ಲ. ನಮ್ಮ ಸ್ಟ್ಯಾಂಡಿನ ಒಬ್ಬೊಬ್ಬ ಡ್ರೈವರಿಗೂ ಆ ಚೀಟಿ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

(ಬಿಲ್, ವಾರಂಟಿ ಕಾರ್ಡ್ ಮತ್ತು ಚೀಟಿಯ ಜೆರಾಕ್ಸ್ ಲಗತ್ತಿಸಿದ್ದೇನೆ. ಮೂಲ ಪ್ರತಿ ನನ್ನ ಹತ್ತಿರವೇ ಇರುತ್ತದೆ.)